ನೀರಿನ ತೊಟ್ಟಿಗೆ ಅಂಟಿಸಿದ ಪ್ರಕಟಣೆ

ನಾನು ಗ್ರಾಮ ಪಂಚಾಯಿತಿಯೊಂದರಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಸೇವೆ ಸಲ್ಲಿಸುತ್ತಿದ್ದೇನೆ. ಊರು ಹಗರಿಬೊಮ್ಮನಹಳ್ಳಿಗೂ ಹಡಗಲಿಗೂ ನಡುವೆ ಎಲ್ಲೋ ಇದೆ. ಹೆಸರನ್ನು ಇಲ್ಲಿ ಕಾಣಿಸಿರುವುದಿಲ್ಲ. ಕಚೇರಿ ಪತ್ರಗಳ ಹೊರತು ಏನನ್ನೂ ಬರೆದವನಲ್ಲವಾದ್ದರಿಂದ, ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ಸಾರ್ವಜನಿಕರಿಗೆ ಸುದ್ದಿ ಮುಟ್ಟಿಸುವುದು ನನ್ನ ಕರ್ತವ್ಯಗಳಲ್ಲೊಂದು. ಗ್ರಾಮಸಭೆ, ಪೋಲಿಯೊ ಹನಿ, ಕರೆಂಟು ಇರದ ದಿನ, ಎಲ್ಲವನ್ನೂ ನಾನೇ ಟೈಪು ಮಾಡಿ ಅಂಟಿಸುತ್ತೇನೆ. ಹಿಂದೆ ಹಲಗೆ ಬಾರಿಸಿ ಡಂಗುರ ಸಾರುತ್ತಿದ್ದರು. ಈಗ ಕಾಗದ ಅಂಟಿಸಿ, ಸ್ಥಳ ಮತ್ತು ಸಮಯ ಮೂಡುವಂತೆ ಫೋಟೋ ತೆಗೆದು, ತಾಲ್ಲೂಕಿನ ವಾಟ್ಸಾಪ್ ಗುಂಪಿಗೆ ಹಾಕಿದರೆ ಸುದ್ದಿ ಮುಟ್ಟಿದಂತೆ. ಫೋಟೋ ಇಲ್ಲದಿದ್ದರೆ ಮುಟ್ಟಿಲ್ಲ.

ಕಳೆದ ಬೇಸಿಗೆಯಲ್ಲಿ ಕೇರಿಯ ತೊಟ್ಟಿಯ ನೀರು ಕುಡಿಯಲು ಯೋಗ್ಯವಲ್ಲವೆಂದು ಪರೀಕ್ಷಾ ವರದಿ ಬಂತು. ಬಟ್ಟೆ, ಪಾತ್ರೆಗೆ ಬೇಕಾಗುತ್ತದೆಂದು ನೀರು ನಿಲ್ಲಿಸಲಿಲ್ಲ. ಪ್ರಕಟಣೆ ಹೊರಡಿಸಲು ಆದೇಶವಾಯಿತು. ಮಧ್ಯಾಹ್ನದೊಳಗೆ ಮೂರು ಕಡೆಯ ಫೋಟೋ ಹೋಗಬೇಕಿತ್ತು. ಕೇರಿಯ ತೊಟ್ಟಿ ಎರಡನೆಯದು.

ಅಲ್ಲಿ ಒಬ್ಬ ಅಜ್ಜಿ ಕೊಡ ತುಂಬಿಸುತ್ತಿದ್ದರು. ನಾನು ಕಾಗದ ಅಂಟಿಸಿ ಮೊಬೈಲು ಹಿಡಿದೆ.

"ತಡಿರಿ ಸಾಹೇಬ್ರ, ಸೆರಗು ಸರಿ ಮಾಡ್ಕೊಂತೀನಿ. ಈ ವಯಸ್ಸಿನ್ಯಾಗ ನನ್ನ ಫೋಟೋ ಯಾರಿಗೆ ಕಳಸ್ತೀರಿ?"

"ಫೋಟೋ ನಿಂದಲ್ಲಬೇ, ಕಾಗದದ್ದು."

"ಏನ್ ಬರದೈತಿ ಅದ್ರಾಗ? ನಮಗ ಮನಿಗಿನಿ ಮಂಜೂರಾಗೈತೇನು?"

"ನೀರಿಂದು ಐತಿ. ಆಮ್ಯಾಲೆ ಹೇಳ್ತಾರ."

ಹೇಳಬೇಕಾದವನು ನಾನೇ ಎಂಬುದು ಆ ಕ್ಷಣ ನನಗೆ ಹೊಳೆಯಲಿಲ್ಲ. ಮೂರನೆಯ ಫೋಟೋದ ಚಿಂತೆಯಲ್ಲಿ ಬೈಕು ಹತ್ತಿದೆ. ಅವರು ಕೊಡ ಎತ್ತಿಕೊಂಡು ಮನೆಗೆ ಹೋದರು.

ಎರಡು ದಿನಗಳ ತರುವಾಯ ಕೇರಿಯಲ್ಲಿ ವಾಂತಿ ಭೇದಿ ಕಾಣಿಸಿಕೊಂಡಿತು. ಹಲವರು ಆಸ್ಪತ್ರೆ ಸೇರಿ ಚೇತರಿಸಿಕೊಂಡರು. ಅಜ್ಜಿ ದಾರಿಯಲ್ಲೇ ತೀರಿಕೊಂಡರು.

ವಿಚಾರಣೆಗೆ ಮೇಲಿನ ಅಧಿಕಾರಿಗಳು ಬಂದು ಸಮುದಾಯ ಭವನದಲ್ಲಿ ಕುಳಿತರು. ಅಜ್ಜಿಯ ಸೊಸೆಯ ಹೇಳಿಕೆ ಬರೆದುಕೊಳ್ಳಲು ನನ್ನನ್ನೇ ಕೂರಿಸಲಾಯಿತು. ಅಧಿಕಾರಿಗಳು ನನ್ನ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ತೊಟ್ಟಿಯ ಮೇಲೆ ಕಾಗದ, ಪಕ್ಕದಲ್ಲಿ ಸೆರಗು ಹಿಡಿದ ಅಜ್ಜಿ.

"ಪ್ರಕಟಣೆ ಪಕ್ಕದಲ್ಲೇ ನಿಂತಿದ್ದಾರಲ್ಲಮ್ಮ?"

"ನಿಂತಾಳ್ರಿ. ಓದಾಕ ಬರ್ತಿರಲಿಲ್ಲ ಆಕಿಗೆ. ಏನೈತಿ ಅಂತ ಇವರನ್ನ ಕೇಳ್ಯಾಳ." ಸೊಸೆ ನನ್ನತ್ತ ಕೈ ತೋರಿಸಿದರು. "ನೀರಿಂದು ಏನೋ ಐತಂತ, ಆಮ್ಯಾಲೆ ಹೇಳ್ತಾರಂತ ಅಂತ ಮನಿಗೆ ಬಂದು ನನ್ನ ಮುಂದ ಅಂದ್ಲು. ಅಂದು, ಅದೇ ನೀರು ಕುಡದ್ಲು."

"ಅಂದರೆ ನೀರಿನ ವಿಷಯ ಅಂತ ಗೊತ್ತಿತ್ತು," ಎಂದು ಅಧಿಕಾರಿಗಳು ನನ್ನ ಕಡೆ ತಿರುಗಿದರು. "ಬರೀರಿ. ಪ್ರಕಟಣೆಯ ವಿಷಯವು ಮೃತರ ಗಮನಕ್ಕೆ ಬಂದಿರುತ್ತದೆ."

ನಾನು ಬರೆದೆ. ಅಕ್ಷರ ದುಂಡಗೆ ಬಂದವು. ಹೆಬ್ಬೆಟ್ಟಿಗೆ ಶಾಯಿಯ ಡಬ್ಬಿ ಮುಂದೆ ಸರಿಸಿದೆ.

"ಮೊದ್ಲು ಓದ್ರಿ," ಎಂದರು ಸೊಸೆ.

ಓದಿದೆ. ಅವರು ಕಣ್ಣು ಮಿಟುಕಿಸದೆ ಕೇಳಿಸಿಕೊಂಡರು.

"ಆಕಿ ಕೇಳ್ಯಾಳ ಅಂದ್ನೆಲ್ರಿ. ಅದೆಲ್ಲೈತಿ?"

"ಅದರ ಅವಶ್ಯಕತೆ ಇಲ್ಲಮ್ಮ," ಎಂದರು ಅಧಿಕಾರಿಗಳು.

"ನಿಮಗಿಲ್ಲ. ಸಾಹೇಬ್ರ, ನೀವರ ಬರೀರಿ. ನಿಮ್ಮನ್ನ ಕೇಳಿದ್ಲೋ ಇಲ್ಲೋ?"

ಪೆನ್ನು ನನ್ನ ಕೈಯಲ್ಲೇ ಇತ್ತು. ಹಾಳೆಯಲ್ಲಿ ಜಾಗವೂ ಇತ್ತು. ನಾನು ಗುತ್ತಿಗೆ ನೌಕರ, ಮನೆಯಲ್ಲಿ ನಾಲ್ಕು ಜನ. ಶಾಯಿಯ ಡಬ್ಬಿಯನ್ನು ಇನ್ನೊಂದಿಷ್ಟು ಅವರತ್ತ ಸರಿಸಿದೆ. ಸೊಸೆ ಶಾಯಿ ಮುಟ್ಟದೆ ಎದ್ದು ಹೋದರು.

'ಹೇಳಿಕೆದಾರರು ಹೆಬ್ಬೆಟ್ಟಿನ ಗುರುತು ಹಾಕಲು ನಿರಾಕರಿಸಿರುತ್ತಾರೆ' ಎಂಬ ಕೊನೆಯ ಸಾಲನ್ನೂ ನಾನೇ ಬರೆದೆ. ಪಂಚಾಯಿತಿಯಿಂದ ಯಾವುದೇ ಲೋಪವಾಗಿಲ್ಲವೆಂದು ವರದಿ ಹೋಯಿತು. ನನ್ನ ಗುತ್ತಿಗೆ ನವೀಕರಣವಾಗಿದೆ. ಕೇರಿಯ ಕಡೆ ಕೆಲಸ ಬಿದ್ದರೆ ಬೇರೆಯವರನ್ನು ಕಳಿಸುತ್ತೇನೆ.

ಆ ಹೆಣ್ಣುಮಗಳು ಬರೆಯಲು ಕೇಳಿದ ಸಾಲು ಯಾವ ಕಡತದಲ್ಲೂ ಇಲ್ಲವಾದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ: ಅವರ ಅತ್ತೆ ನನ್ನನ್ನು ಕೇಳಿದ್ದರು. ನಾನು ಹೇಳಲಿಲ್ಲ.