ಕಿಟಕಿ ಪಕ್ಕದ ಲೆಕ್ಕದ ಯಂತ್ರ

೧೯೬೩ರ ಮಾತು. ಧಾರವಾಡದಲ್ಲಿ ಬೆಳೆಯ ಇಳುವರಿ ಲೆಕ್ಕ ಹಾಕುವ ಸಣ್ಣ ಕಚೇರಿಯೊಂದರಲ್ಲಿ ನಾನು ಸಹಾಯಕನಾಗಿದ್ದೆ. ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರಗಳು ಅಲ್ಲಿ ಎರಡಿದ್ದವು. ಕಿಟಕಿ ಪಕ್ಕದ್ದನ್ನು ಹಿರಿಯನೆಂಬ ಜಂಬದಿಂದ ನಾನೇ ಹಿಡಿದುಕೊಂಡಿದ್ದೆ. ಗೋಡೆ ಕಡೆಯದು ಮೆಹಬೂಬನ ಪಾಲಿಗೆ ಬಂದಿತ್ತು.

ಮೆಹಬೂಬ ಬೆಂಗೇರಿಯ ಗಡಿಯಾರ ರಿಪೇರಿಯವರ ಮಗ, ನನಗಿಂತ ಎರಡು ವರ್ಷ ಈಚೆಗೆ ಸೇರಿದವ. ಒಂದು ಲೆಕ್ಕಕ್ಕೆ ವಹಿಯಲ್ಲಿ, ಅಂದರೆ ಲೆಕ್ಕದ ಪುಸ್ತಕದಲ್ಲಿ, ನಾಲ್ಕು ಪುಟ ಬರೆಯುತ್ತಿದ್ದ. ಯಾವ ಅಂಕಿ ಎಲ್ಲಿಂದ ಬಂತು, ದಶಾಂಶ ಎಲ್ಲಿ ಕತ್ತರಿಸಿದ್ದು, ಎಲ್ಲ. ಕೇಳಿದರೆ, “ನಮ್ಮಪ್ಪ ಗಡಿಯಾರ ಬಿಚ್ಚುಮುಂದ ಹಿಂಗ ಬರದಿಡ್ತಾರ್ರಿ. ನಾ ಬಿಚ್ಚಿದ್ದು ಇನ್ನೊಬ್ಬಾಂವಗ ಜೋಡ್ಸಾಕ ಬರಬೇಕು ಅಂತಾರ” ಎನ್ನುತ್ತಿದ್ದ. ಸಾಹೇಬರು ಅವನನ್ನು ಹೊಗಳಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಖಾರ ಅರೆದಂತಾಗುತ್ತಿತ್ತು. ಅವನು ಮಾತಾಡಿಸಲು ಬಂದರೆ ಮುಖ ತಿರುಗಿಸುತ್ತಿದ್ದೆ.

ಆ ವರ್ಷ ಕಲ್ಕತ್ತೆಯಲ್ಲಿ ಕಂಪ್ಯೂಟರ್ ತರಬೇತಿಗೆ ನಮ್ಮಿಬ್ಬರಲ್ಲಿ ಒಬ್ಬರನ್ನು ಕಳಿಸಬೇಕಿತ್ತು. ನನಗೆ ಹೋಗಲೇಬೇಕಿತ್ತು. ಸಾಹೇಬರು ಪರೀಕ್ಷೆ ಇಟ್ಟರು. “ಒಬ್ಬರ ವಹಿ ಒಬ್ಬರು ತೊಗೋರಿ. ಅದನ್ನ ನೋಡಿ ಲೆಕ್ಕಾ ಮತ್ತ ಮಾಡ್ರಿ. ಯಾರ ವಹಿ ಹಿಡದು ಮಾಡಿದ್ರ ಅದ ಉತ್ತರಾ ಬರ್ತದ, ಅವರು ಕಲ್ಕತ್ತಾಕ್ಕ.”

ಮೆಹಬೂಬ ನನ್ನ ವಹಿ ತಿರುವಿ, “ಕುಲಕರ್ಣಿಯವರ, ಇದರಾಗ ಉತ್ತರ ಅಷ್ಟ ಐತಲ್ರಿ. ಹ್ಯಾಂಗ ಮಾಡ್ಲಿ?” ಎಂದ.

“ತಲಿ ಇದ್ದವರಿಗೆ ಅಷ್ಟ ಸಾಕು” ಎಂದೆ.

ಅವನ ವಹಿಯ ಮೊದಲ ಪುಟ ಹಾರಿಸಿ ಸೀದಾ ಅಂಕಿಗಳಿಗೆ ಕೈ ಹಾಕಿದೆ. ಮಧ್ಯಾಹ್ನದವರೆಗೂ ಹಿಡಿಕೆ ತಿರುಗಿಸಿದೆ. ಉತ್ತರ ಬೇರೆ ಬಂತು! ಖರೆ ಹೇಳುತ್ತೇನೆ, ನನ್ನ ಮದುವೆಯಲ್ಲೂ ಅಷ್ಟು ಸಂತೋಷವಾಗಿರಲಿಲ್ಲ. ವಹಿ ಹಿಡಿದು ಸಾಹೇಬರ ಕೋಣೆಗೆ ಓಡಿದೆ.

“ಮೆಹಬೂಬನ ಲೆಕ್ಕಾ ತಪ್ಪ ಅದ ರೀ!”

“ಯಾವ ಮಷಿನ್ ಮ್ಯಾಲ ಮಾಡೀರಿ?”

“ನಂದರ ಮ್ಯಾಲ ರೀ.”

ಸಾಹೇಬರು ವಹಿಯ ಮೊದಲ ಪುಟ ತೆರೆದು ಗಟ್ಟಿಯಾಗಿ ಓದಿದರು: “ಈ ಲೆಕ್ಕವನ್ನು ಗೋಡೆ ಕಡೆಯ ಯಂತ್ರದಲ್ಲೇ ಮಾಡಬೇಕು. ಕಿಟಕಿ ಕಡೆಯದರಲ್ಲಿ ಒಂಬತ್ತು ದಾಟಿದಾಗ ಮುಂದಿನ ಅಂಕಿ ಒಮ್ಮೊಮ್ಮೆ ತಿರುಗುವುದಿಲ್ಲ. ಕುಲಕರ್ಣಿಯವರಿಗೆ ಎರಡು ಸಲ ಹೇಳಲು ಹೋದೆ. ಅವರು ಮಾತಾಡಲಿಲ್ಲ.”

ನಾನು ಗೋಡೆ ಕಡೆಯ ಯಂತ್ರದಲ್ಲಿ ಮತ್ತೆ ಮಾಡಿದೆ. ಕೊನೆಯ ಅಂಕಿಯವರೆಗೂ ಅವನದೇ ಉತ್ತರ. ನನ್ನ ಇಡೀ ವರ್ಷದ ಲೆಕ್ಕವೋ, ಎಲ್ಲ ಕಿಟಕಿ ಪಕ್ಕದ ಯಂತ್ರದಲ್ಲೇ ಮಾಡಿದ್ದು.

ಅವನು ಕಲ್ಕತ್ತೆಗೆ ಹೋದ. ನಾನು ಅವನ ಕುರ್ಚಿಯಲ್ಲಿ ಕೂತು ಎಲ್ಲ ಲೆಕ್ಕಗಳನ್ನೂ ಮೊದಲಿನಿಂದ ಮಾಡಿದೆ, ಈ ಸಲ ನಾಲ್ಕು ನಾಲ್ಕು ಪುಟ ಬರೆದು. ಆ ಹೊಟ್ಟೆಕಿಚ್ಚು ಇಂದಿಗೂ ಪೂರ್ತಿ ಆರಿಲ್ಲ. ಆದರೆ ಯಾರಾದರೂ ಏನೋ ಹೇಳಲು ಹತ್ತಿರ ಬಂದರೆ, ಒಳಗೆ ಎಷ್ಟು ಉರಿದರೂ ಈಗ ಮುಖ ತಿರುಗಿಸುವುದಿಲ್ಲ.