ಕದ್ದ ಉಸಿರು

ಗಂಡನ ಕೆಮ್ಮಿಗೆ ಏನಾದರೂ ಸಿಗುತ್ತದೇನೋ ಎಂದು ಕಳೆದ ವಾರ ಹುಬ್ಬಳ್ಳಿಯ ಗಿಡಮೂಲಿಕೆ ಅಂಗಡಿಗೆ ಹೋಗಿದ್ದೆ. ಅಂಗಡಿಯವ ಒಂದು ಡಬ್ಬಿಯ ಮುಚ್ಚಳ ತೆಗೆದು ಜ್ಯೇಷ್ಠಮಧುವಿನ ಕಡ್ಡಿಗಳನ್ನು ಕಾಗದದ ಮೇಲೆ ಸುರಿದ. ಆ ಸಿಹಿ ಬೇರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಚೀಟಿ ಹಿಡಿದ ಕೈ ಹಾಗೇ ನಿಂತುಹೋಯಿತು. ಹನ್ನೆರಡು ವರ್ಷದ ಹಿಂದೆ, ಸಂಗೀತದ ಪಾಠ ಶುರುವಾಗುವ ಮೊದಲು ಅಕ್ಕಾರು ನಮ್ಮೆಲ್ಲರ ಕೈಗೆ ಒಂದೊಂದು ಕಡ್ಡಿ ಕೊಡುತ್ತಿದ್ದರು. ಅಗಿದು ರಸ ನುಂಗಿ ಗಂಟಲು ಹಸಿ ಮಾಡಿಕೊಂಡ ಮೇಲೆಯೇ ಬಾಯಿ ತೆರೆಯಬೇಕು…

ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕಾರು ಎನ್ನುವುದು ರೂಢಿ. ಹಾಗಾಗಿ ಅವರ ಹೆಸರು ನಮ್ಮ ಬಾಯಲ್ಲಿ ಬರಲೇ ಇಲ್ಲ. ಗುಡಗೇರಿಯ ಸ್ಟೇಷನ್ ಹತ್ತಿರ ಒಂದು ಕಾಳಿನ ಅಂಗಡಿಯ ಮಾಳಿಗೆಯ ಮೇಲೆ ಅವರ ಪಾಠ. ಕೆಳಗೆ ಹೆಸರುಕಾಳು, ಗೋವಿನಜೋಳದ ಚೀಲಗಳು. ಮೇಲೆ ನಾವು ಆರು ಜನ ಹೆಂಗಸರು. ಸಂಗೀತದ ಮೊದಲನೇ ಪರೀಕ್ಷೆಯನ್ನು ಎಲ್ಲರೂ ಹಾಗೂ ಹೀಗೂ ದಾಟಿದ್ದೆವು. ಎರಡನೆಯದಕ್ಕೆ ಪರೀಕ್ಷಕರ ಎದುರು ಹತ್ತು ನಿಮಿಷ ಒಬ್ಬರೇ ಕೂತು ಹಾಡಬೇಕಿತ್ತು. ಅದಕ್ಕಾಗಿಯೇ ವಾರಕ್ಕೆರಡು ಮಧ್ಯಾಹ್ನ ಆ ಮಾಳಿಗೆ ಹತ್ತುತ್ತಿದ್ದೆವು.

ನನ್ನದು ಹೊಲಿಗೆ ಅಂಗಡಿ. ಭಜನಾ ಮಂಡಳಿಯಲ್ಲಿ ಹದಿನೈದು ವರ್ಷ ಹಾಡಿದ್ದೆ, ಆದರೆ ಯಾವತ್ತೂ ಹಿಂದಿನ ಸಾಲಿನಲ್ಲಿ. ಮುಂದೆ ಕೂತವರು ಹೇಳುವುದು, ನಾವು ತಿರುಗಿ ಹೇಳುವುದು. ಜನ್ಮದಲ್ಲಿ ಒಮ್ಮೆಯಾದರೂ ನನ್ನ ದನಿಯೊಂದೇ ನಾಲ್ಕು ಜನರ ಕಿವಿಗೆ ಬೀಳಬೇಕು ಎಂಬ ಹಟ ನನಗೆ. ಆದರೆ ಹಿಂದಿನ ಸಾಲು ಒಂದು ಕೆಟ್ಟ ಚಟ ಕಲಿಸಿಬಿಟ್ಟಿತ್ತು. ಉದ್ದನೆಯ ಸ್ವರದ ನಡುವೆ ಸುಮ್ಮನೆ ಬಾಯಿ ಮುಚ್ಚಿ ಉಸಿರೆಳೆದುಕೊಳ್ಳುತ್ತಿದ್ದೆ. ಉಳಿದವರು ಸ್ವರ ಹಿಡಿದಿರುತ್ತಾರಲ್ಲ, ಯಾರಿಗೆ ತಿಳಿಯಬೇಕು! ಅಕ್ಕಾರು ಇದನ್ನು ಉಸಿರು ಕದಿಯುವುದು ಎನ್ನುತ್ತಿದ್ದರು. ಬೇರೆಯವರು ಕದ್ದು ಅವರ ಬಾಯಿಗೆ ಬಿದ್ದರೆ ಕಥೆ ಮುಗಿಯಿತು. "ನಾಳಿ ಪರೀಕ್ಷಾದಾಗ ನಿನ್ನ ಬಾಜೂಕ ಯಾರ ಕೂತಿರ್ತಾರ? ಅತ್ತಿನ್ನ ಕರಕೊಂಡು ಹೋಗಾಕೀ ಏನು?" ಎಂದು ನಮ್ಮ ಆರು ಜನರಲ್ಲಿ ಒಬ್ಬಳಾದ, ನಾವೆಲ್ಲ ಅಂಗನವಾಡಿ ಬಾಯಿ ಎನ್ನುತ್ತಿದ್ದ ಅಂಗನವಾಡಿ ಟೀಚರನ್ನು ಕಣ್ಣೀರು ಬರುವಂತೆ ಬೈದಿದ್ದರು.

ಒಬ್ಬರೇ ಹಾಡುವ ಅಂಜಿಕೆ ಬಿಡಿಸಲು ಅವರದೇ ಒಂದು ಉಪಾಯವಿತ್ತು. ಎಲ್ಲರೂ ಕಣ್ಣು ಮುಚ್ಚಿ ಒಟ್ಟಿಗೆ ಸ್ವರ ಹಿಡಿಯಬೇಕು. ಅವರು ಬರಿಗಾಲಲ್ಲಿ ಸದ್ದಿಲ್ಲದೆ ಓಡಾಡುತ್ತ ಒಬ್ಬೊಬ್ಬರ ಹೆಗಲು ಮುಟ್ಟುತ್ತಿದ್ದರು. ಮುಟ್ಟಿಸಿಕೊಂಡವರು ಸುಮ್ಮನಾಗಬೇಕು. ಕೊನೆಗೆ ಉಳಿದವಳು ತನಗೆ ಅರಿವಿಲ್ಲದೆಯೇ ಒಬ್ಬಳೇ ಹಾಡುತ್ತಿರುತ್ತಾಳೆ. ಕಣ್ಣು ತೆರೆದಾಗ ಎಲ್ಲರೂ ತನ್ನನ್ನೇ ನೋಡುತ್ತಿರುತ್ತಾರೆ.

ಒಂದು ದಿನ ಮಧ್ಯಾಹ್ನದ ರಾಗ ಭೀಮಪಲಾಸಿಯ ಮಧ್ಯಮ ಸ್ವರದ ಮೇಲೆ ನಿಂತಿದ್ದೆವು. ನಾನು ಎಡಗೋಡೆಯ ಪಕ್ಕ. ಅಭ್ಯಾಸಬಲದಿಂದ ಬಾಯಿ ಮುಚ್ಚಿ ಉಸಿರು ಕದ್ದೆ, ಮತ್ತೆ ಸ್ವರಕ್ಕೆ ಸೇರಿಕೊಂಡೆ. ಕಣ್ಣು ತೆರೆದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಂಗನವಾಡಿ ಬಾಯಿ ಬೆರಗಾಗಿ, "ಯವ್ವಾ, ಎಷ್ಟ್ ಉದ್ದ ಉಸುರs ನಿಂದು! ನಾವೆಲ್ಲಾ ಸುಮ್ಮನಾಗಿ ಎಷ್ಟೊತ್ತಾತು, ಒಂದೀಟೂ ತುಂಡಾಗಲಿಲ್ಲ ನೋಡು" ಎಂದಳು. ಆದರೆ ನಾನು ನಡುವೆ ಉಸಿರು ಕದ್ದಿದ್ದೆ. ಆ ಹೊತ್ತಿನಲ್ಲಿ ಸ್ವರವನ್ನು ಯಾರೋ ಹಿಡಿದಿದ್ದರು.

ಅಕ್ಕಾರು ಬೈಯಲಿಲ್ಲ. ಅವರು ನೋಡುತ್ತಿದ್ದುದು ನನ್ನನ್ನಲ್ಲ, ನನ್ನ ಪಕ್ಕದ ಗೋಡೆಯನ್ನು.

ಮುಂದಿನ ಪಾಠದಲ್ಲಿ ಪರೀಕ್ಷೆ ಮಾಡಿಯೇ ನೋಡೋಣ ಎಂದುಕೊಂಡೆ. ಒಬ್ಬಳೇ ಹಾಡುವ ನನ್ನ ಸರದಿ ಬಂದಾಗ ಕಣ್ಣು ತೆರೆದೇ ಹಾಡಿದೆ. ಮಧ್ಯಮಕ್ಕೆ ಬಂದು ತುಟಿ ಬಿಗಿದು ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸಿದೆ. ಸ್ವರ ನಿಂತೇ ಇತ್ತು! ನನಗಿಂತ ದಪ್ಪ ದನಿ, ತುಸು ಮರಳು ಬೆರೆತಂತೆ ಒರಟಾದದ್ದು, ಎಡಗಿವಿಯ ಹತ್ತಿರದಿಂದ ಬರುತ್ತಿತ್ತು. ಕಿವಿ ಬೆಚ್ಚಗಾಯಿತು. ಆ ಕಡೆ ಸುಣ್ಣ ಬಳಿದ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಉಳಿದವರು ತಲೆದೂಗುತ್ತಿದ್ದರು, ಎಲ್ಲವೂ ನನ್ನದೇ ದನಿ ಎಂದು ತಿಳಿದಿದ್ದರು. ಅಂದಿನಿಂದ ಅಕ್ಕಾರು ನನ್ನನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಕೂರಿಸತೊಡಗಿದರು. ಯಾರಾದರೂ ಆ ಸಂದಿಯಲ್ಲಿ ಚೀಲ ಇಟ್ಟರೆ, "ಅಲ್ಲೆ ಇಡಬ್ಯಾಡ್ರಿ, ಜಾಗಾ ಬಿಡ್ರಿ" ಎನ್ನುತ್ತಿದ್ದರು.

ಅಂಗನವಾಡಿ ಬಾಯಿ ಅಕ್ಕಾರ ಓಣಿಯವಳೇ. ಮಾಳಿಗೆ ಇಳಿಯುವಾಗ ಒಂದು ದಿನ ಸುಮ್ಮನೆ ಕೇಳಿದೆ, ಅಕ್ಕಾರು ಕಲಿಸುತ್ತಾರೆ, ಒಮ್ಮೆಯೂ ಹಾಡುವುದಿಲ್ಲವಲ್ಲ ಯಾಕೆ ಎಂದು. ಅವಳು ದನಿ ತಗ್ಗಿಸಿದಳು. "ಅವರು ಅಕ್ಕ-ತಂಗಿ ಕೂಡೇ ಹಾಡ್ತಿದ್ರು. ತಂಗಿ ಉಸುರ ತಗೊಳ್ಳೂ ಮುಂದ ಅಕ್ಕ ಸ್ವರಾ ಹಿಡಿಯಾಕಿ, ಅಕ್ಕ ತಗೊಳ್ಳೂ ಮುಂದ ತಂಗಿ. ಎಲ್ಲೆ ಬಿಟ್ರು, ಎಲ್ಲೆ ಹಿಡದ್ರು ಅಂತ ಗೊತ್ತs ಆಗ್ತಿರಲಿಲ್ಲಂತ. ಅಕ್ಕ ತೀರಿಕೊಂಡ ಮ್ಯಾಲೆ ಇವರು ಬಾಯಿ ಬಿಟ್ಟಿಲ್ಲ."

ನಮ್ಮ ಅಕ್ಕಾರು ಆ ಇಬ್ಬರಲ್ಲಿ ತಂಗಿ.

ಅಂಜಿಕೆ ಬಂತೇ ಎಂದರೆ ಬಂತು. ಮಷಿನ್ ತುಳಿಯುತ್ತಾ ಕೂತಾಗ ಯಾರೋ ಪಕ್ಕದಲ್ಲಿ ಉಸಿರೆಳೆದಂತಾಗಿ ಕಾಲು ನಿಲ್ಲಿಸುತ್ತಿದ್ದೆ. ಆದರೆ ಅಂಜಿಕೆಗಿಂತ ಹೆಚ್ಚು ಬಂದದ್ದು ಸಿಟ್ಟು. ಬೈಸಿಕೊಂಡ ಐದೂ ಜನರ ಉಸಿರು ವಾರದಿಂದ ವಾರಕ್ಕೆ ಉದ್ದವಾಗುತ್ತಿತ್ತು. ನನಗೆ ಮಾತ್ರ ಅಕ್ಕಾರು ಏನೂ ಕಲಿಸುತ್ತಿರಲಿಲ್ಲ. ಪರೀಕ್ಷೆ ಹುಬ್ಬಳ್ಳಿಯಲ್ಲಿ; ಆ ದನಿ ಅಲ್ಲಿಗೆ ಬಂದೀತೆ? ಬಂದು ನಾನು ಪಾಸಾದರೂ ಪಾಸಾದದ್ದು ಯಾರು? ಹದಿನೈದು ವರ್ಷ ಬೇರೆಯವರ ಹಿಂದೆ ಹಾಡಿದ್ದು ಸಾಲದೆಂದು ಈಗ ಸತ್ತವರ ಹಿಂದೆಯೂ ಹಾಡಬೇಕೆ?

ಎಲ್ಲರೂ ಇಳಿದು ಹೋದ ಮೇಲೆ ಕೇಳಿಯೇಬಿಟ್ಟೆ. "ಅಕ್ಕಾರ, ನಾ ಉಸುರ ಕದೀತೀನಿ, ನಿಮಗ ಗೊತ್ತೈತಿ. ಎಲ್ಲಾರ್ನೂ ಬೈತೀರಿ, ನನ್ನ ಯಾಕ ಬೈಯೂದಿಲ್ಲರಿ?"

ಅವರು ಹಾರ್ಮೋನಿಯಂಗೆ ಬಟ್ಟೆ ಹೊದಿಸುತ್ತಿದ್ದರು. ತಲೆ ಎತ್ತಲಿಲ್ಲ. "ನಿನ್ನ ಬೈದ್ರ ಆಕಿ ಬರೂದಿಲ್ಲ" ಎಂದರು.

ಆದರೂ ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ನಾ ಒಬ್ಬಾಕಿನs ಹಾಡೂದು ಕಲಿಯಾಕ ಬಂದೀನ್ರಿ" ಎಂದೆ. ಅವರು ಬಟ್ಟೆಯ ಅಂಚು ಸರಿಮಾಡಿದರು. ಆಮೇಲೆ, "ಹೌದು ತಂಗಿ. ತಪ್ಪಾತು. ನಾಳಿಂದ ಕಲಸ್ತೀನಿ" ಎಂದರು.

ಕಲಿಸಿದರು. ದಿನಾ ಬಾ ಎಂದರು. ಬೆನ್ನ ಹಿಂದೆ ಕೂತು ನನ್ನ ಪಕ್ಕೆಗಳ ಮೇಲೆ ಎರಡೂ ಅಂಗೈ ಇಟ್ಟು, "ಹೆಗಲಾ ಎತ್ತಬ್ಯಾಡ, ಇಲ್ಲೆ ತುಂಬು. ಮೊದಲs ಸುರುವಬ್ಯಾಡ, ರೀಲಿನಿಂದ ದಾರ ಬಿಟ್ಟಂಗ ಬಿಡು" ಎನ್ನುತ್ತಿದ್ದರು. ರೈಲು ಬಂದರೆ ಅದು ಸ್ಟೇಷನ್ ದಾಟುವವರೆಗೆ ಸ್ವರ ಬಿಡುವ ಹಾಗಿಲ್ಲ. ಮೊದಮೊದಲು ಅರ್ಧದಲ್ಲೇ ಸೋಲುತ್ತಿದ್ದೆ, ಆಗ ಆ ದನಿ ಎತ್ತಿಕೊಳ್ಳುತ್ತಿತ್ತು. ನನ್ನ ಉಸಿರು ಉದ್ದವಾದಷ್ಟೂ ಅದು ಹಾಡುವ ಹೊತ್ತು ಸಣ್ಣದಾಯಿತು. ಅದು ಕೇಳಿಸಿದಾಗಲೆಲ್ಲ ನನ್ನ ಪಕ್ಕೆಯ ಮೇಲಿನ ಬೆರಳುಗಳು ತುಸು ಬಿಗಿಯುತ್ತಿದ್ದವು. ಆದರೆ ಅಕ್ಕಾರು ಒಂದು ದಿನವೂ ಪಾಠ ತಪ್ಪಿಸಲಿಲ್ಲ, ಒಂದು ತಪ್ಪನ್ನೂ ತಿದ್ದದೆ ಬಿಡಲಿಲ್ಲ.

ಒಂದು ಮಧ್ಯಾಹ್ನ ಮಧ್ಯಮವನ್ನು ಆದಿಯಿಂದ ಅಂತ್ಯದವರೆಗೆ ನಾನೇ ಹಿಡಿದೆ. ರೈಲು ಬಂತು, ದಾಟಿತು, ಸದ್ದೂ ಅಡಗಿತು, ನಾನಿನ್ನೂ ಸ್ವರದ ಮೇಲಿದ್ದೆ. ಎಡಗಿವಿ ತಣ್ಣಗಿತ್ತು. ಎಷ್ಟು ಖುಷಿಯಾಯಿತೆಂದರೆ ಎದ್ದು ಕುಣಿಯಬೇಕೆನಿಸಿತು! ತಿರುಗಿ ನೋಡಿದರೆ ಅಕ್ಕಾರು ಗೋಡೆಯ ಕಡೆ ಮುಖಮಾಡಿ ಕೂತಿದ್ದರು.

"ಅಗದಿ ಛಲೋ ಆತು" ಎಂದರು. ಆಮೇಲೆ ಚಿಕ್ಕ ಹುಡುಗಿ ಏನೋ ಬೇಡುವ ದನಿಯಲ್ಲಿ, "ಒಂದs ಸಲ… ಉಸುರ ಕದಿ ತಂಗಿ" ಎಂದರು.

ಕದ್ದೆ. ಸ್ವರ ತುಂಡಾಯಿತು. ಕೆಳಗೆ ಅಂಗಡಿಯಲ್ಲಿ ಯಾರೋ ಚೀಲ ಕೊಡವುತ್ತಿರುವುದು ಕೇಳಿಸಿತು, ಅಷ್ಟೇ. "ಇನ್ನೊಂದ್ ಸಲ" ಎಂದರು. ಮತ್ತೆ ತುಂಡಾಯಿತು. ಮೂರನೆಯ ಸಲವೂ ಅದೇ. ಅಕ್ಕಾರು ತಲೆಯಾಡಿಸಿ, "ಸಾಕು, ಇನ್ನ ನೀ ಪಾಸಾದಿ" ಎಂದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದೇ ಮಾಳಿಗೆ ಇಳಿದೆ.

ಪರೀಕ್ಷೆಯಲ್ಲಿ ಪಾಸಾದೆ. ಆ ವರ್ಷವೇ ಅಕ್ಕಾರು ಪಾಠ ನಿಲ್ಲಿಸಿ ದೇವಿಕೊಪ್ಪದಲ್ಲಿದ್ದ ಅಣ್ಣನ ಮಗನ ಮನೆಗೆ ಹೋದರು. ನೋಡಲು ಹೋಗಬೇಕು, ಹೋಗಬೇಕು ಅಂದುಕೊಳ್ಳುತ್ತಲೇ ವರ್ಷಗಳು ಕಳೆದವು… ಸುಳ್ಳು ಯಾಕೆ, ಹೋಗಲು ಮುಖವಿರಲಿಲ್ಲ. ನನ್ನದನ್ನು ನಾನು ಕೇಳಿದ್ದು ತಪ್ಪಲ್ಲ ಎಂದು ಇಂದಿಗೂ ಹೇಳುತ್ತೇನೆ. ಆದರೂ ಅಕ್ಕನನ್ನು ಅವರಿಂದ ಎರಡನೆಯ ಸಲ ಕಿತ್ತುಕೊಂಡವಳು ನಾನೇ ಎಂಬ ಸಂಕಟ ಹೋಗಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ದಿನಕರ್ಮಕ್ಕೆ ದೇವಿಕೊಪ್ಪಕ್ಕೆ ಹೋಗಿದ್ದೆ. ಊಟ ಮುಗಿದ ಮೇಲೆ ಆ ಮನೆಯ ಸೊಸೆ, "ನೀವು ಅವರ ಕಡೆ ಕಲತವರಂತಲ್ರಿ, ಏನರ ಹಾಡ್ರಿ" ಎಂದಳು. ಮಧ್ಯಾಹ್ನವಾಗಿತ್ತು, ಭೀಮಪಲಾಸಿಯನ್ನೇ ಎತ್ತಿಕೊಂಡೆ. ಮಧ್ಯಮಕ್ಕೆ ಬಂದಾಗ ಎದೆ ತುಂಬ ಉಸಿರಿತ್ತು, ಬೇಕಾದಷ್ಟಿತ್ತು. ಆದರೂ ಬೇಕೆಂದೇ ಬಾಯಿ ಮುಚ್ಚಿದೆ. ಈಗ ಇಬ್ಬರೂ ಸತ್ತವರ ಕಡೆಯೇ ಸೇರಿದ್ದಾರಲ್ಲ, ಅಕ್ಕನೋ ತಂಗಿಯೋ, ಯಾರಾದರೊಬ್ಬರು ಹಿಡಿಯಲಿ ಎಂದು ಕಾದೆ. ಒಂದು, ಎರಡು, ಮೂರು… ನೆರೆದವರು ಮರೆತಳೆಂದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಬರಲಿಲ್ಲ. ಒಬ್ಬಳೇ ಹಾಡುವುದನ್ನು ಅಕ್ಕಾರು ನನಗೆ ಅಷ್ಟು ಚೆನ್ನಾಗಿ ಕಲಿಸಿಬಿಟ್ಟಿದ್ದರು.