ತೊಳೆದ ಮೌತ್ ಆರ್ಗನ್

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಆಗ ಇಪ್ಪತ್ತಮೂರು ವರ್ಷ. ಮಂಡ್ಯದ ನಮ್ಮ ಮನೆಯಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಮದ್ದೂರಿಗೆ ಹೋಗಿ, ಅಲ್ಲೊಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ, ಸಂಜೆ ವಾಪಸಾಗುತ್ತಿದ್ದೆ. ಅಪ್ಪ ನಮ್ಮ ಬೀದಿಯ ಕೊನೆಯಲ್ಲಿದ್ದ ಸಣ್ಣ ದೇವಸ್ಥಾನದ ಅರ್ಚಕರು. ಅಮ್ಮ ಮದುವೆಗೆ ಮುಂಚೆ ಹತ್ತು ವರ್ಷ ಸಂಗೀತ ಕಲಿತಿದ್ದಳು. ಮದುವೆಯ ನಂತರ ಅವಳು ಹಾಡಿದ್ದೆಲ್ಲ ಅಡುಗೆಮನೆಯಲ್ಲಿ. ನನಗೆ ಸರಳೆವರಸೆಯಿಂದ ಹಿಡಿದು ಪಾಠ ಹೇಳಿದ್ದು ಅವಳೇ. ಗಂಟಲು ಒಡೆದ ಮೇಲೆ ನಾನು ಹಾಡುವುದು ಬಿಟ್ಟೆ. ಕಿವಿ ಮಾತ್ರ ಉಳಿಯಿತು.

ಆ ಕಿವಿಯೇ ನನ್ನನ್ನು ಅವನ ಅಂಗಡಿಗೆ ಎಳೆದುಕೊಂಡು ಹೋದದ್ದು. ಒಂದು ಮಧ್ಯಾಹ್ನ ಬುತ್ತಿ ಮುಗಿಸಿ ರೈಲ್ವೆ ಸ್ಟೇಷನ್ ಕಡೆ ನಡೆದು ಹೋಗುತ್ತಿದ್ದೆ. ಪಂಪ್‌ಸೆಟ್ ಮೋಟಾರು ಸುತ್ತುವ, ಮೋಟಾರ್ ಸೈಕಲ್ಲು ರಿಪೇರಿ ಮಾಡುವ ಒಂದು ತಗಡಿನ ಶೆಡ್ಡಿನೊಳಗಿಂದ ಮೌತ್ ಆರ್ಗನ್ ಸದ್ದು ಬರುತ್ತಿತ್ತು. ಮದುವೆ ಮನೆಗಳಲ್ಲಿ, ಸ್ಕೂಲ್ ಡೇಗಳಲ್ಲಿ ಕೇಳುವ ಉಲ್ಲಾಸದ ಮೌತ್ ಆರ್ಗನ್ ಅಲ್ಲ ಅದು. ಯಾರೋ ಬಾಯಿ ಮುಚ್ಚಿಕೊಂಡು ಅತ್ತಂತೆ, ಅಳುತ್ತಲೇ ಯಾರನ್ನೋ ಛೇಡಿಸಿದಂತೆ ಇತ್ತು. ನಿಂತುಬಿಟ್ಟೆ.

ಒಳಗೆ ನನ್ನದೇ ವಯಸ್ಸಿನವನೊಬ್ಬ ಮಗುಚಿಟ್ಟ ಮೋಟಾರಿನ ಮೇಲೆ ಕೂತಿದ್ದ. ಮೊಣಕೈವರೆಗೂ ಗ್ರೀಸು. ನನ್ನನ್ನು ನೋಡಿ ಬಾಯಿಂದ ತೆಗೆದು, "ಏನಾಗ್ಬೇಕಿತ್ತು ಅಯ್ನೋರೆ?" ಅಂದ. ಹಣೆಯ ಮೇಲಿನ ಗಂಧ ನೋಡಿ ಹಾಗೆ ಕರೆದದ್ದು. ಕೊನೆಯವರೆಗೂ ಅವನು ನನ್ನನ್ನು ಕರೆದದ್ದು ಹಾಗೆಯೇ. ಸಲಿಗೆ ಬೆಳೆದ ಮೇಲೆ "ಲೇ ಅಯ್ನೋರೆ" ಆಯಿತು, ಅಷ್ಟೆ.

"ಏನೂ ಇಲ್ಲ. ಅದೇನು ನುಡಿಸ್ತಾ ಇದ್ದದ್ದು?"

"ಬ್ಲೂಸ್ ಅಂತೆ. ನೀಲಿ ಅಂತ ಅರ್ಥವಂತೆ. ಆ ಬಿಳಿಯ ಏಳ್ಕೊಟ್ಟಿದ್ದು."

ಬಿಳಿಯ ಅಂದರೆ, ಸುತ್ತಲ ಹಳ್ಳಿಗಳಲ್ಲಿ ಸೀಮೆ ತಳಿಯ ಕೋಳಿ ಸಾಕುವುದನ್ನು ಕಲಿಸಲು ಬಂದು ಎರಡು ವರ್ಷ ಇದ್ದ ಅಮೆರಿಕದ ಯುವಕ. ಅವನ ಹಳೆಯ ಮೋಟಾರ್ ಸೈಕಲ್ಲು ವಾರಕ್ಕೊಮ್ಮೆ ಕೈಕೊಡುತ್ತಿತ್ತು. ರಿಪೇರಿಯಾಗುವವರೆಗೆ ಶೆಡ್ಡಿನಲ್ಲಿ ಕೂತು ಮೌತ್ ಆರ್ಗನ್ ಊದುತ್ತಿದ್ದನಂತೆ. ಊರಿಗೆ ವಾಪಸು ಹೋಗುವ ದಿನ ಅದನ್ನು ಇವನ ಅಂಗಿಯ ಜೇಬಿಗೆ ಹಾಕಿ ಹೋದ. ಹತ್ತೇ ತೂತಿನ ಸಣ್ಣ ವಾದ್ಯ. ಮೇಲೆ ಕೆಳಗೆ ತಗಡು, ನಡುವೆ ಬಾಚಣಿಗೆಯ ಹಲ್ಲಿನ ಹಾಗೆ ಕೊರೆದ ಮರ.

ಅಂದಿನಿಂದ ನನ್ನ ಮಧ್ಯಾಹ್ನದ ಬಿಡುವೆಲ್ಲ ಅಲ್ಲೇ ಕಳೆಯತೊಡಗಿತು. ಮೊದಲ ಸಲ ಅವನು ಮೌತ್ ಆರ್ಗನ್ನನ್ನು ಪ್ಯಾಂಟಿಗೆ ಉಜ್ಜಿ ನನ್ನ ಕೈಗೆ ಕೊಟ್ಟಾಗ ನಾನು ತಡವರಿಸಿದೆ. ಒಬ್ಬರ ಬಾಯಿ ತಗುಲಿದ್ದು. ಅದರ ಮೇಲೆ ಅವನು ಮುಸಲ್ಮಾನ. ಕರ್ಚೀಫು ತೆಗೆದು ಒರೆಸಿಕೊಂಡೆ. ಅವನು ಅಷ್ಟು ಹೊತ್ತೂ ಒಂದು ಸ್ಪಾರ್ಕ್ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಎರಡನೆಯ ವಾರದ ಹೊತ್ತಿಗೆ ಕರ್ಚೀಫು ಜೇಬಿನಿಂದ ಹೊರಗೆ ಬರುವುದು ನಿಂತಿತು. ನನಗೆ ನನ್ನ ಮೇಲೇ ಹೆಮ್ಮೆಯಾಗಿತ್ತು.

ಬಿಳಿಯ ಕಲಿಸಿದ್ದು ಎಲ್ಲರೂ ಊದುವ ರೀತಿ, ಮತ್ತೆ ಅದಕ್ಕಿಂತ ಸ್ವಲ್ಪ ಓರೆಯಾದ ಇನ್ನೊಂದು. ಒಂದೇ ವಾದ್ಯದಲ್ಲಿ ಬೇರೆ ಬೇರೆ ತೂತನ್ನು ಮನೆ ಮಾಡಿಕೊಂಡು ಹೊರಡುವುದಕ್ಕೆ ಅವನು ಪೊಸಿಷನ್ ಅನ್ನುತ್ತಿದ್ದನಂತೆ. ಹೆಚ್ಚು ಜನ ಮುಟ್ಟದ ಬೇರೆ ಪೊಸಿಷನ್ನುಗಳೂ ಇವೆ, ದುಃಖವೆಲ್ಲ ಅಲ್ಲೇ ಇರುವುದು, ನೀನೇ ಹುಡುಕಿಕೋ ಎಂದು ಹೇಳಿ ಹೋಗಿದ್ದ. ನಾಲ್ಕನೆಯ ತೂತಿನಲ್ಲಿ ಉಸಿರನ್ನು ಒಳಕ್ಕೆ ಎಳೆದು, ಆ ಸ್ವರವನ್ನೇ ಮನೆ ಮಾಡಿಕೊಂಡರೆ ಎಲ್ಲ ಮಂಕಾಗುತ್ತದೆ ಎಂದು ನನ್ನ ಸ್ನೇಹಿತ ತಾನಾಗಿಯೇ ಕಂಡುಕೊಂಡಿದ್ದ. ನಾನು ಮೊದಲ ದಿನ ಹೊರಗಿನಿಂದ ಕೇಳಿದ್ದು ಅದನ್ನೇ.

ನನಗೆ ಥಟ್ಟನೆ ಹೊಳೆಯಿತು. ಇದು ನಮ್ಮ ಗ್ರಹಭೇದ. ಶಂಕರಾಭರಣದ ರಿಷಭವನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯ ಬರುತ್ತದಲ್ಲ, ಅದೇ ಲೆಕ್ಕ. ಕಚೇರಿಯ ರದ್ದಿ ಕಾಗದದ ಹಿಂದೆ ಬರೆದು ತೋರಿಸಿದೆ. "ಗಾಂಧಾರದಿಂದ ಹೊರಟರೆ ತೋಡಿ ಬರಬೇಕು. ಎರಡನೆಯ ತೂತಿನಲ್ಲಿ ಊದುವ ಸ್ವರ ಗಾಂಧಾರ. ಅಲ್ಲಿಂದ ಶುರು ಮಾಡು."

ಅವನು ಊದಿ ನೋಡಿದ. ಮುಖ ಕಿವುಚಿದ. "ಐದನೇದ್ನ ಎಳುದ್ರೆ ಕಯ್ಯಂತದೆ ಕಣ್ಲಾ. ಅದ್ನ ಬುಟ್ಬುಡಾನ." ಕಹಿಯಾದ ಎರಡು ಸ್ವರಗಳನ್ನು ಬಿಟ್ಟು ಮತ್ತೆ ನುಡಿಸಿದ. ಉಳಿದದ್ದು ಐದು ಸ್ವರ. ಅವುಗಳ ನಡುವೆ ಮೂರನೆಯ ತೂತಿನ ಸ್ವರವನ್ನು ಬಗ್ಗಿಸಿ ಕೆಳಕ್ಕೆ ಜಾರಿಸಿದ. ಶೆಡ್ಡಿನ ತಗಡೇ ನಿಟ್ಟುಸಿರು ಬಿಟ್ಟಂತಾಯಿತು.

ಆ ಜಾರಿಸುವುದು ನನಗೆ ಬರಲೇ ಇಲ್ಲ. "ಕ್ಲಚ್ ಬುಡ್ತೀವಲ್ಲ, ಅಂಗೆ," ಎಂದು ಹೇಳಿಕೊಟ್ಟ. "ದಿಢೀರಂತ ಬುಟ್ರೆ ಗಾಡಿ ಎಗರ್ತದೆ. ನಾಲ್ಗೇನ ಇಂದಿಂದಕ್ಕೆ ತಗೊಂಡು ನಿದಾನಕ್ಕೆ ಬುಡು." ನಾನು ಕ್ಲಚ್ಚು ಮುಟ್ಟಿದವನೇ ಅಲ್ಲ. ಆದರೂ ತಿಂಗಳಾಗುವಷ್ಟರಲ್ಲಿ ಸುಮಾರಾಗಿ ಬಂತು.

ಒಂದು ಶನಿವಾರ, ಭಾನುವಾರವೂ ಅಭ್ಯಾಸ ಮಾಡಬೇಕೆನಿಸಿ ಕೇಳಿದೆ. ಒಂದು ಕ್ಷಣವೂ ಯೋಚಿಸದೆ ಕೊಟ್ಟ. "ತಗೊಂಡೋಗು. ನಿಮ್ಮವ್ವಂಗೆ ಕೇಳ್ಸು. ಸಂಗೀತ ಗೊತ್ತಿರೋರು ಏನಂತಾರೆ ನೋಡಾನ."

ಭಾನುವಾರ ಬೆಳಿಗ್ಗೆ ಅಪ್ಪ ದೇವಸ್ಥಾನದಲ್ಲಿದ್ದರು. ಅಮ್ಮ ಹಿತ್ತಲ ಬಾಗಿಲ ಹತ್ತಿರ ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕೂತು ಆ ಎರಡನೆಯ ತೂತಿನಿಂದ ನುಡಿಸಿದೆ. ಅಮ್ಮನ ಕೈ ಮೊರದ ಮೇಲೇ ನಿಂತಿತು.

"ಶುದ್ಧ ಧನ್ಯಾಸಿ ಅಲ್ವೇನೋ? ಅದೇ ಅಂದುಕೊಂಡರೆ ಪಂಚಮದ ಕೆಳಗೆ ಅದೇನೋ ಜಾರಿಸ್ತೀಯಲ್ಲ. ಇನ್ನೊಂದ್ಸಲ ನುಡಿಸು."

ಮೂರು ಸಲ ನುಡಿಸಿದೆ. ಅವಳ ಕಣ್ಣು ತುಂಬಿತ್ತು. ನನ್ನ ಸಂಗೀತ ಕೇಳಿ ಅವಳು ಕಣ್ಣು ತುಂಬಿಕೊಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸೆರಗಿನಿಂದ ಒರೆಸಿಕೊಂಡು, "ಯಾರದಿದು? ಕೊಂಡುಕೊಂಡೆಯಾ?" ಅಂದಳು. ನಾನು ಹೇಳಿದೆ. ಮದ್ದೂರಿನ ಮೆಕ್ಯಾನಿಕ್ಕು, ಇಂಥ ಮನೆಯವನು, ಅವನೇ ಕಲಿಸಿದ್ದು ಎಂದು ಎಲ್ಲ.

ಅಮ್ಮ ರೇಗಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿ, ತಗ್ಗಿದ ದನಿಯಲ್ಲಿ ಅಂದಳು: "ಅವನ ಬಾಯೆಂಜಲು ಕಣೋ ಅದು. ನಿಮ್ಮಪ್ಪ ಬರೋದರೊಳಗೆ ಒಂದಿಷ್ಟು ನೀರು ಹಾಕಿ ತೊಳೆದಾದರೂ ಇಡು."

ಆಗುವುದಿಲ್ಲ ಅನ್ನಬಹುದಿತ್ತು. ನೀರು ಬಿದ್ದರೆ ಕೆಡುತ್ತದೆ ಅಂದಿದ್ದರೆ ಅಮ್ಮ ಸುಮ್ಮನಾಗುತ್ತಿದ್ದಳು. ನಾನು ಎದ್ದು ಬಚ್ಚಲ ಹಿಂದಿನ ಕಲ್ಲಿಗೆ ಹೋದೆ. ಹಿತ್ತಾಳೆ ಪಾತ್ರೆ ಬೆಳಗಲು ಇಟ್ಟಿದ್ದ ಹುಣಸೆಹಣ್ಣು ಅಲ್ಲೇ ಇತ್ತು. ಅದನ್ನು ತೆಗೆದುಕೊಂಡು ತಗಡು ತಿಕ್ಕಿದೆ, ತೂತುಗಳನ್ನು ತಿಕ್ಕಿದೆ. ಬಕೆಟ್ಟಿನೊಳಗೆ ಪೂರ್ತಿ ಅದ್ದಿದೆ. ಅಮ್ಮ ಹೇಳಿದ್ದು ಒಂದಿಷ್ಟು ನೀರು ಹಾಕು ಎಂದು. ನಾನು ತೊಳೆದದ್ದು ಮೂರು ಸಲ. ಮೂರನೆಯ ಸಲ ಮುಗಿದಾಗ ನನಗೆ ಹಾಯೆನಿಸಿತು. ನಾಚಿಕೆಯಿಂದ ಹೇಳುತ್ತಿದ್ದೇನೆ, ಆದರೆ ಆದದ್ದು ಹಾಗೆಯೇ. ಎಷ್ಟೋ ವಾರಗಳಿಂದ ಮೈಮೇಲಿದ್ದ ಏನೋ ಇಳಿದು ಹೋದಂತೆ ಹಾಯೆನಿಸಿತು. ನನ್ನ ಹೆಮ್ಮೆಯ ಆಯಸ್ಸು ಅಷ್ಟೇ ಇದ್ದದ್ದು.

ಬಿಸಿಲಿಗಿಟ್ಟು ಮಧ್ಯಾಹ್ನ ಊದಿದರೆ ಎರಡು, ಮೂರನೆಯ ತೂತುಗಳು ಮೂಕವಾಗಿದ್ದವು. ನಡುವಿನ ಮರ ಊದಿಕೊಂಡು ಹಲ್ಲುಗಳು ಹೊರಕ್ಕೆ ಚಾಚಿದ್ದವು. ತುಟಿ ಇಟ್ಟರೆ ಕೊರೆಯುತ್ತಿತ್ತು.

ಸೋಮವಾರ ಶೆಡ್ಡಿನಲ್ಲಿ ನಾನು ಹೇಳಿದ್ದು: "ನಾಲೆ ಏರಿ ಮೇಲೆ ಹೋಗ್ತಾ ಇದ್ದೆ, ಜೇಬಿನಿಂದ ಜಾರಿ ನೀರಿಗೆ ಬಿತ್ತು. ಇಳಿದು ಎತ್ತಿಕೊಂಡೆ."

ಅವನಿಗೆ ಗಾಬರಿಯಾದದ್ದು ನನ್ನ ಬಗ್ಗೆ. "ಈಜು ಬರಕಿಲ್ಲ ನಿಂಗೆ, ನಾಲೆಗೆ ಯಾಕ್ಲಾ ಇಳಿಯಕ್ಕೋದೆ? ಬುಡು, ಮಿಷಿನ್ ತಾನೆ. ಬಿಚ್ಚುದ್ರಾಯ್ತು."

ಪೇಪರು ಹಾಸಿ, ಚಾಕುವಿನ ತುದಿಯಿಂದ ಸಣ್ಣ ಮೊಳೆಗಳನ್ನು ಎಬ್ಬಿಸಿ, ತಗಡುಗಳನ್ನು ಬಿಡಿಸಿದ. ಒಳಗೆ ಸಾಲಾಗಿ ಹಿತ್ತಾಳೆಯ ತೆಳು ನಾಲಗೆಗಳು. ಪಿನ್ನಿನಿಂದ ಅವುಗಳ ಸಂದಿ ಕೆದಕುತ್ತಾ ಹೋದ. ಎರಡನೆಯದರಲ್ಲಿ ಏನೋ ಸಿಕ್ಕಿತು. ಎಳೆದು ಪೇಪರಿನ ಮೇಲಿಟ್ಟ. ಹುಣಸೆಯ ನಾರು. ಮೂರನೆಯದರಿಂದ ಇನ್ನೊಂದು. ಆ ಎರಡು ನಾರುಗಳನ್ನು ಉಗುರಿನಿಂದ ಪಕ್ಕಪಕ್ಕದಲ್ಲಿ ಸರಿಸಿ ಸ್ವಲ್ಪ ಹೊತ್ತು ನೋಡಿದ. ಅವನು ತಲೆ ಎತ್ತಲಿಲ್ಲ. "ಮರ ಓಯ್ತು. ಬೇರೆ ಮಾಡ್ಬೇಕು," ಎಂದಷ್ಟೇ ಹೇಳಿ ಪೇಪರು ಮಡಿಸಿಟ್ಟ.

ಹತ್ತು ದಿನ ತೆಗೆದುಕೊಂಡ. ಮೋಟಾರಿನೊಳಗೆ ಕರೆಂಟು ತಾಗದಂತೆ ಹಾಕುವ ಕಂದು ಬಣ್ಣದ ಗಟ್ಟಿ ಹಾಳೆ ಇರುತ್ತದಲ್ಲ, ಅದನ್ನು ಒಂದರ ಮೇಲೊಂದು ಅಂಟಿಸಿ, ಗರಗಸದಿಂದ ಹಲ್ಲು ಕೊಯ್ದು, ಅರದಲ್ಲಿ ಉಜ್ಜಿ ಹೊಸ ಬಾಚಣಿಗೆ ಮಾಡಿದ. ಮೊದಲಿಗಿಂತ ಸದ್ದು ಜೋರಾಗಿತ್ತು. ನುಡಿಸಿ ತೋರಿಸಿದ. ಆಮೇಲೆ ಅಂಗಡಿ ಮುಂದಿನ ನಲ್ಲಿಗೆ ಹೋಗಿ, ಮೌತ್ ಆರ್ಗನ್ನನ್ನು ನೀರಿಗೆ ಹಿಡಿದು, ಝಾಡಿಸಿ, ಒಗೆದ ಬಿಳಿ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯ ಸಮೇತ ನನ್ನ ಮುಂದೆ ಹಿಡಿದ.

"ಇವಾಗ ನೀರು ಬಿದ್ರೂ ಏನೂ ಆಗಕಿಲ್ಲ. ಬೇಕಾದ್ರೆ ಇನ್ನೊಂದ್ಸಲ ತೊಳ್ಕೊ."

ವ್ಯಂಗ್ಯ ಹುಡುಕಿದೆ. ಇರಲಿಲ್ಲ. ಅವನು ನಿಜವಾಗಿಯೂ ನನ್ನ ಅನುಕೂಲಕ್ಕೆಂದೇ ಮಾಡಿದ್ದ. ಅಂದಿನಿಂದ ಪ್ರತಿ ಸಲವೂ, ನನ್ನ ಕೈಗೆ ಕೊಡುವ ಮುಂಚೆ, ನಲ್ಲಿಗೆ ಹೋಗಿ ಬರುತ್ತಿದ್ದ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಬೇಡ ಅಂದರೆ ಯಾಕೆ ಬೇಡ ಎಂಬುದನ್ನೂ ಹೇಳಬೇಕಿತ್ತು. ಮೆಲ್ಲಗೆ ಮಧ್ಯಾಹ್ನ ಆ ಕಡೆ ಹೋಗುವುದು ಕಡಿಮೆ ಮಾಡಿದೆ. ಮರುವರ್ಷ ಮಳವಳ್ಳಿಯಲ್ಲಿ ಒಂದು ಜಾಗ ಖಾಲಿಯಾದಾಗ ನಾನೇ ಅರ್ಜಿ ಕೊಟ್ಟು ವರ್ಗ ಮಾಡಿಸಿಕೊಂಡೆ. ಮನೆಯಲ್ಲಿ, ಮೇಲಿನವರು ಹಾಕಿದರು ಅಂದೆ.

ಮಳವಳ್ಳಿಯಲ್ಲಿ ಎರಡು ವರ್ಷ ಕಳೆದ ಮೇಲೆ ಒಂದು ದಿನ ಕಚೇರಿ ಕೆಲಸದ ಮೇಲೆ ಪೂರಿಗಾಲಿಗೆ ಹೋಗಿದ್ದೆ. ಗದ್ದೆ ಬದುವಿನ ಪಂಪ್‌ಹೌಸಿನ ಮುಂದೆ ಮೋಟಾರು ಬಿಚ್ಚಿಕೊಂಡು ಒಬ್ಬ ಕೂತಿದ್ದ. ಅವನೇ. ನನ್ನನ್ನು ನೋಡಿ ಸ್ಪ್ಯಾನರು ಕೈಬಿಟ್ಟು ಎದ್ದ. "ಲೇ ಅಯ್ನೋರೆ! ಬದ್ಕಿದ್ದೀಯಾ?"

ಹೊಂಗೆ ಮರದ ಕೆಳಗೆ ಕೂತೆವು. ಅವನಿಗೆ ಮದುವೆಯಾಗಿತ್ತು. ಮೌತ್ ಆರ್ಗನ್ ಈಗಲೂ ಅಂಗಿಯ ಜೇಬಿನಲ್ಲಿತ್ತು. ನುಡಿಸಿದ. ನಂತರ, ಕೇಳದೆಯೇ, ಪಕ್ಕದ ಬಿಂದಿಗೆಯಿಂದ ಅಂಗೈಗೆ ನೀರು ಬಗ್ಗಿಸಿಕೊಂಡು ಅದನ್ನು ತೊಳೆಯಲು ಹೊರಟ. ನಾನು ಅವನ ಕೈ ಹಿಡಿದುಕೊಂಡೆ.

"ತೊಳೀಬೇಡ. ಅವತ್ತು ಅದು ನಾಲೆಗೆ ಬಿದ್ದಿರಲಿಲ್ಲ."

"ಗೊತ್ತು ಕಣ್ಲಾ. ನಾಲೇಲಿ ಉಣ್ಸೆ ನಾರು ಎಲ್ಲಿಂದ ಬಂದದು?"

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳುದ್ರೆ ನೀನು ಇನ್ನೊಂದು ಸುಳ್ಳು ಏಳ್ಬೇಕಾಯ್ತಿತ್ತು. ಅದುಕ್ಕೆ ಸುಮ್ಕಾದೆ." ಅಂಗೈಯ ನೀರನ್ನು ನೆಲಕ್ಕೆ ಚೆಲ್ಲಿದ. ಆಮೇಲೆ ಎಲ್ಲೋ ನೋಡುತ್ತಾ ಕೇಳಿದ: "ಒಂದೇ ಒಂದು ತಿಳೀಬೇಕಾಗಿತ್ತು. ತೊಳ್ದಿದ್ದು ಯಾರು? ನೀನಾ, ನಿಮ್ಮವ್ವನಾ?"

ಅವನ ದನಿಯಲ್ಲಿ, ಇಂಥದೇ ಉತ್ತರ ಬರಲಿ ಎಂಬ ಆಸೆ ಇತ್ತು. ಅದು ನನಗೆ ಕೇಳಿಸಿತು.

"ಅಮ್ಮ," ಅಂದೆ.

ಅವನ ಮುಖವೆಲ್ಲ ಸಡಿಲವಾಯಿತು. "ಅಂಗನ್ನು ಮತ್ತೆ! ದೊಡ್ಡೋರು, ಅವರ ಕಾಲ್ದೋರು ಅಂಗೆ. ತಪ್ಪು ತಿಳ್ಕಳಾಕಾಯ್ತದಾ? ನಾನು ಇಷ್ಟು ದಿನ ನೀನೇ ಏನೋ ಅಂದ್ಕೊಂಡಿದ್ದೆ." ಮೌತ್ ಆರ್ಗನ್ನನ್ನು ತೊಡೆಗೆ ಉಜ್ಜಿ ನನ್ನ ಕೈಗೆ ಕೊಟ್ಟ. ನಾನು ನುಡಿಸಿದೆ. ಸ್ವರ ಬಗ್ಗಲಿಲ್ಲ. ಅಭ್ಯಾಸ ತಪ್ಪಿದೆ ಎಂದು ಅವನು ನಕ್ಕ.

ಅದಾದ ಮೇಲೆ ನಮ್ಮ ಸ್ನೇಹ ಮತ್ತೆ ಕುದುರಿತು. ಮಂಡ್ಯಕ್ಕೆ ಹೋಗುವಾಗಲೆಲ್ಲ ಮದ್ದೂರಿನಲ್ಲಿ ಇಳಿದು ಅವನ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ಹೋಗುತ್ತಿದ್ದೆ. ಪ್ರತಿ ಸಲವೂ, "ನಿಮ್ಮವ್ವ ಚೆಂದಾಗವ್ರಾ?" ಎಂದು ಕೇಳುತ್ತಿದ್ದ. ಕ್ಷಮಿಸಿದವನ ದನಿ. ಮಾಡದ ತಪ್ಪಿಗೆ ಅಮ್ಮನಿಗೆ ಸಿಗುತ್ತಿದ್ದ ಆ ಕ್ಷಮೆಯನ್ನು ತೆಗೆದುಕೊಂಡು ನಾನು ಬಸ್ಸು ಹತ್ತುತ್ತಿದ್ದೆ.

ಅಪ್ಪ ತೀರಿಕೊಂಡ ವರ್ಷ, ಒಂದು ಸಂಜೆ ಅಮ್ಮ ತಾನಾಗಿಯೇ ಆ ಮಾತು ತೆಗೆದಳು. "ಆ ಮದ್ದೂರಿನವನು, ಶುದ್ಧ ಧನ್ಯಾಸಿ ಹೇಳಿಕೊಟ್ಟನಲ್ಲ, ಅವನನ್ನ ಒಂದ್ಸಲ ಕರಕೊಂಡು ಬಾರೋ. ನಡುಮನೆಯಲ್ಲೇ ಕೂತು ನುಡಿಸಲಿ. ಅವತ್ತು ನಾನು ಹಾಗೆ ಅನ್ನಬಾರದಾಗಿತ್ತು. ಅವನ ಮುಂದೇನೇ ಹೇಳಬೇಕು."

ಅವನು ನಡುಮನೆಯಲ್ಲಿ ಕೂರುವುದು, ಅಮ್ಮ ಹೇಳುವುದು, ಅವನು "ಬುಡಿ ಅವ್ವ, ನೀವು ತೊಳ್ದಿದ್ದುಕ್ಕೆ ನಂಗೇನೂ ಬೇಜಾರಿಲ್ಲ" ಅನ್ನುವುದು, ಅಮ್ಮ ನನ್ನ ಕಡೆ ತಿರುಗುವುದು, ಎಲ್ಲ ಒಟ್ಟಿಗೆ ಕಣ್ಣೆದುರು ಬಂತು.

"ಅವನು ಅಂಗಡಿ ಮುಚ್ಚಿಕೊಂಡು ಎಲ್ಲೋ ಹೋದನಂತೆ ಅಮ್ಮ. ಎಲ್ಲಿದ್ದಾನೋ ಗೊತ್ತಿಲ್ಲ," ಅಂದೆ.

"ಅಯ್ಯೋ," ಅಂದಳು ಅಮ್ಮ. ಮತ್ತೆ ಕೇಳಲಿಲ್ಲ.

ಅವನು ಎಲ್ಲಿಗೂ ಹೋಗಿರಲಿಲ್ಲ. ಆ ವಾರವೇ ನಾನು ಅವನ ಅಂಗಡಿಯಲ್ಲಿ ಟೀ ಕುಡಿದು ಬಂದಿದ್ದೆ. ಅಮ್ಮ ಅದಾದ ಮೇಲೂ ಹನ್ನೊಂದು ವರ್ಷ ಇದ್ದಳು. ಮದ್ದೂರಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.